ಡಾಕ್ಟರ್‌ಗಳಿಗೆ ಅಪ್‌ಡೇಟ್ ಕಳಿಸುವ ಮೊದಲು ವಾರ್ಡಿನ ಟ್ರಾಲಿ ನೋಡಿ ಬನ್ನಿ

ಮೂರು ಬ್ರಾಂಚ್, ಇನ್ನೂರಕ್ಕೂ ಜಾಸ್ತಿ ಡಾಕ್ಟರ್‌ಗಳು, ಅವರಿಗೆಲ್ಲ ವಾರವಾರ ಆಸ್ಪತ್ರೆಯ ಸುದ್ದಿ, ಅಪ್‌ಡೇಟ್ ಕಳಿಸುವ ಕೆಲಸ ನಿಮ್ಮ ಹೆಗಲಿಗೆ ಬಂದಿದೆ. ಯಾರೂ ಓದುತ್ತಿಲ್ಲ, ಇಮೇಲ್ ಬಿಟ್ಟು ವಾಟ್ಸಾಪ್‌ಗೆ ಹೋಗಲಾ, ಇಲ್ಲ ಆ್ಯಪ್ ಮಾಡಿಸಲಾ ಅಂತ ಕೇಳಿದ್ದೀರಿ.

ನಾನು ಇದೇ ಕೆಲಸವನ್ನು ಹಲವು ವರ್ಷ ಮಾಡಿದ್ದೇನೆ. ಆಗ ನನಗೂ ಇದೇ ಪ್ರಶ್ನೆ ಇತ್ತು, ಇದೇ ಮಾತುಗಳಲ್ಲಿ. ಒಂದು ರಾತ್ರಿ ಆದಮೇಲೆ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಆ ರಾತ್ರಿಯ ವಿಷಯ ಹೇಳುತ್ತೇನೆ.

ನಾನು ಜನರಲ್ ಮೆಡಿಸಿನ್ ಡಾಕ್ಟರ್. ಬೆಳಗ್ಗೆ ರೌಂಡ್ಸ್, ಮಧ್ಯಾಹ್ನದವರೆಗೆ ಓಪಿಡಿ. ಒಂದು ದಿನ ನಮ್ಮ ಸೂಪರಿಂಟೆಂಡೆಂಟ್ ಕರೆದು, "ನಿಮ್ಮ ಬರವಣಿಗೆ ಚೆನ್ನಾಗಿದೆಯಮ್ಮ, ಡಾಕ್ಟರ್‌ಗಳ ಬುಲೆಟಿನ್ ನೀವೇ ನೋಡ್ಕೊಳ್ಳಿ" ಅಂದರು. ನಾನು ಖುಷಿಯಿಂದ ಒಪ್ಪಿಕೊಂಡೆ. ಪ್ರತಿ ಸೋಮವಾರ ಒಂದು ಪುಟ. ಯಾರು ಹೊಸದಾಗಿ ಸೇರಿದರು, ಶನಿವಾರದ ಸಿಎಂಇ (ಡಾಕ್ಟರ್‌ಗಳಿಗೆ ಹೊಸ ವಿಷಯ ಕಲಿಸುವ ಕಾರ್ಯಕ್ರಮ) ಯಾವ ವಿಷಯದ ಮೇಲೆ, ಸಿಟಿ ಸ್ಕ್ಯಾನ್ ಮೆಷಿನ್ ಯಾವತ್ತು ಸರ್ವೀಸ್‌ಗೆ ಹೋಗುತ್ತೆ, ಯಾರ ಪೇಪರ್ ಪ್ರಕಟವಾಯಿತು. ಮೊದಲು ಇಮೇಲ್‌ನಲ್ಲಿ ಕಳಿಸುತ್ತಿದ್ದೆ. ಯಾರೂ ತೆಗೆಯುವುದಿಲ್ಲ ಅಂತ ಗೊತ್ತಾದ ಮೇಲೆ ವಾಟ್ಸಾಪ್‌ಗೆ ಬಂದೆ. ಅಲ್ಲಿ ಯಾರು ಓದಿದರು ಅಂತ ಕಾಣುತ್ತಿತ್ತು. ಗ್ರೂಪಿನಲ್ಲಿ ಎಷ್ಟು ಜನ ನೋಡಿದ್ದಾರೆ ಅಂತ ರಾತ್ರಿ ಮಲಗುವ ಮುಂಚೆ ಎಣಿಸುತ್ತಿದ್ದೆ. ನೂರಕ್ಕೆ ತೊಂಬತ್ತು ಜನ ನೋಡಿರುತ್ತಿದ್ದರು. ಇನ್ನೇನು ಬೇಕು ಅಂದುಕೊಂಡಿದ್ದೆ.

2018ರ ಸುಮಾರಿಗೆ ನಮ್ಮ ಔಷಧ ಕಮಿಟಿ ಒಂದು ತೀರ್ಮಾನ ತೆಗೆದುಕೊಂಡಿತು. ಇನ್ಸುಲಿನ್ ಬಾಟಲಿ ಬದಲಾಯಿಸಬೇಕು ಅಂತ. ಡಾಕ್ಟರ್ ಅಲ್ಲದವರೂ ಇದನ್ನು ಓದಬಹುದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಥರ ಸಿಗುತ್ತೆ. ಒಂದರಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಎರಡಕ್ಕೂ ಸಿರಿಂಜ್ ಬೇರೆಬೇರೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. ಸಿರಿಂಜಿನ ಮೇಲಿನ ಗೆರೆಗಳನ್ನು ಆಯಾ ಬಾಟಲಿಯ ಲೆಕ್ಕಕ್ಕೇ ಹಾಕಿರುತ್ತಾರೆ. ಪೆನ್‌ಗಳಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ 100ರದ್ದೇ. ವಾರ್ಡಿನಲ್ಲಿ ಬಾಟಲಿ 40, ಪೆನ್ 100 ಇದ್ದರೆ ಗೊಂದಲ, ಹಾಗಾಗಿ ಎಲ್ಲ ಕಡೆ 100 ಮಾಡೋಣ ಅಂತ ಕಮಿಟಿಯ ಯೋಚನೆ. ತೀರ್ಮಾನ ಸರಿಯಾಗಿಯೇ ಇತ್ತು, ಇವತ್ತಿಗೂ ಹಾಗೇ ಹೇಳುತ್ತೇನೆ.

ಆ ಸೋಮವಾರದ ಬುಲೆಟಿನ್‌ನಲ್ಲಿ ಅದು ಐದನೇ ಸುದ್ದಿ. ನಾನು ಬರೆದ ಸಾಲು ಇನ್ನೂ ಬಾಯಿಪಾಠ ಇದೆ: "ಗುರುವಾರದಿಂದ ಎಲ್ಲ ವಾರ್ಡ್‌ಗಳಲ್ಲಿ 100 ಯೂನಿಟ್‌ನ ಇನ್ಸುಲಿನ್ ಬಾಟಲಿ ಮಾತ್ರ ಇರುತ್ತದೆ. ಸಂಬಂಧಪಟ್ಟವರು ಗಮನಿಸಿ."

ಗುರುವಾರ ರಾತ್ರಿ ನಾನೇ ಆನ್ ಕಾಲ್. ಎರಡು ಗಂಟೆ ಹತ್ತು ನಿಮಿಷಕ್ಕೆ ಹೆಂಗಸರ ವಾರ್ಡಿನಿಂದ ಫೋನ್ ಬಂತು. "ಮೇಡಂ, 14ನೇ ಬೆಡ್ಡಿನ ಅಜ್ಜಿ ಎಬ್ಬಿಸಿದರೆ ಏಳ್ತಾ ಇಲ್ಲ. ಮೈಯೆಲ್ಲ ಬೆವರು. ಶುಗರ್ 34ಕ್ಕೆ ಇಳಿದಿದೆ." ನಾನು ಹೋಗುವಷ್ಟರಲ್ಲಿ ನೈಟ್ ಸಿಸ್ಟರ್ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಬಾಟಲಿ ಕೈಗೆತ್ತಿಕೊಂಡು, ಡ್ಯೂಟಿ ಡಾಕ್ಟರ್ ಹತ್ತಿರ ಹೇಳಿಸಿಕೊಂಡು, ಐವಿ ಹಾಕಿ ಬಿಡಲು ಶುರು ಮಾಡಿದ್ದರು. ಆ ಅಜ್ಜಿ ಇವತ್ತು ಬದುಕಿದ್ದರೆ ಅದಕ್ಕೆ ಆ ಸಿಸ್ಟರೇ ಕಾರಣ. ನೂರು ಎಂಎಲ್ ಹೋದಮೇಲೆ ಅಜ್ಜಿ ಕಣ್ಣು ಬಿಟ್ಟು, ಸೊಸೆಯ ಹೆಸರು ಹಿಡಿದು ಕರೆದರು. ನಾಲ್ಕು ಗಂಟೆಗೆ ಶುಗರ್ ಮತ್ತೆ 58ಕ್ಕೆ ಇಳಿಯಿತು. ಬೆಳಗಾಗುವವರೆಗೆ 10 ಪರ್ಸೆಂಟ್ ಡ್ರಿಪ್ ಹಾಕಿ, ಗಂಟೆಗೊಂದು ಸಲ ಬೆರಳು ಚುಚ್ಚಿ ನೋಡುತ್ತಾ ಕೂತೆವು.

ಕೇಸ್ ಶೀಟ್ ತೆಗೆದು ನೋಡಿದರೆ ಎಲ್ಲ ಸರಿ ಇದೆ. ರಾತ್ರಿ ಊಟಕ್ಕೆ ಮುಂಚೆ 16 ಯೂನಿಟ್, 30/70 (ಎರಡು ಬಗೆ ಬೆರೆಸಿದ) ಇನ್ಸುಲಿನ್. ಏಳು ಗಂಟೆಗೆ ಕೊಟ್ಟಿದ್ದಾರೆ, ಸಹಿ ಇದೆ. ಅಜ್ಜಿ ಊಟವನ್ನೂ ಮಾಡಿದ್ದಾರೆ. ಆಮೇಲೆ ಟ್ರಾಲಿಯ ಹತ್ತಿರ ಹೋದೆ. ಟ್ರೇನಲ್ಲಿ ಹೊಸ ಬಾಟಲಿ, ಲೇಬಲ್ ಮೇಲೆ 100. ಪಕ್ಕದ ಸ್ಟೀಲ್ ಡಬ್ಬಿಯಲ್ಲಿ ಸಿರಿಂಜ್‌ಗಳು. ಎಲ್ಲವೂ ಕೆಂಪು ಮುಚ್ಚಳದವು.

ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈಯಲ್ಲಿ ಸಿರಿಂಜ್ ಹಿಡಿದು ಟ್ಯೂಬ್‌ಲೈಟ್ ಕೆಳಗೆ ನಿಂತಿದ್ದೆ. ಲೆಕ್ಕ ತಾನಾಗಿಯೇ ತಲೆಗೆ ಬಂತು. ಕೆಂಪು ಸಿರಿಂಜಿನಲ್ಲಿ 16ರ ಗೆರೆ ಅಂದರೆ 0.4 ಎಂಎಲ್. ಹೊಸ ಬಾಟಲಿಯಿಂದ 0.4 ಎಂಎಲ್ ಎಳೆದರೆ 40 ಯೂನಿಟ್. ಅಜ್ಜಿಗೆ ಎರಡೂವರೆ ಪಟ್ಟು ಹೋಗಿದೆ. ಸಂಜೆಯ ಸಿಸ್ಟರ್ ಆರ್ಡರ್‌ನಲ್ಲಿ 16 ನೋಡಿದ್ದಾರೆ, 16ರ ಗೆರೆಗೇ ಎಳೆದಿದ್ದಾರೆ, ದಿನಾ ಹೇಗೆ ಮಾಡುತ್ತಿದ್ದರೋ ಹಾಗೇ ಮಾಡಿದ್ದಾರೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕಂದರೆ ನೀವು ಈಗ ನಿಂತಿರುವ ಜಾಗ ಅದೇ.

ತಪ್ಪು ಇರುವುದು "ಸಂಬಂಧಪಟ್ಟವರು" ಅನ್ನುವ ಪದದಲ್ಲಿ. ಅದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಒಬ್ಬ ಮನುಷ್ಯರೂ ಇರಲಿಲ್ಲ. ಇನ್ಸುಲಿನ್ ಬರೆಯುವವರು ಡಾಕ್ಟರ್, ಆದ್ದರಿಂದ ಡಾಕ್ಟರ್‌ಗಳಿಗೆ ಹೇಳಿದರೆ ಸಾಕು ಅಂತ ಎಲ್ಲೋ ಒಳಗೆ ಅಂದುಕೊಂಡಿದ್ದೆ. ಆದರೆ ಈ ಬದಲಾವಣೆಯಿಂದ ಡಾಕ್ಟರ್ ಬರೆಯುವುದು ಏನೂ ಬದಲಾಗುವುದಿಲ್ಲ! 16 ಯೂನಿಟ್ ಆವತ್ತೂ 16, ಈವತ್ತೂ 16. ಬದಲಾಗುವುದು ಸಿರಿಂಜ್ ಹಿಡಿಯುವ ಕೈಯಲ್ಲಿ. ಆ ಕೈ ಸಿಸ್ಟರ್‌ದು. ನನ್ನ ಗ್ರೂಪಿನಲ್ಲಿ ಒಬ್ಬ ಸಿಸ್ಟರ್ ಕೂಡ ಇರಲಿಲ್ಲ, ಯಾಕಂದರೆ ಅದು ಡಾಕ್ಟರ್‌ಗಳ ಬುಲೆಟಿನ್. ನೂರಕ್ಕೆ ತೊಂಬತ್ತು ಜನ ನೋಡಿದ್ದರು, ನೂರಕ್ಕೆ ನೂರು ನೋಡಿದ್ದರೂ ಅಜ್ಜಿಗೆ 40 ಯೂನಿಟ್ಟೇ ಹೋಗುತ್ತಿತ್ತು.

ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಫಾರ್ಮಸಿಯವರು ಹೇಳಿರುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಬುಲೆಟಿನ್‌ನಲ್ಲಿ ಬಂದಿದೆಯಲ್ಲ, ಎಲ್ಲರಿಗೂ ಗೊತ್ತಿರುತ್ತೆ ಅಂತ ಫಾರ್ಮಸಿಯವರು ಅಂದುಕೊಂಡಿದ್ದರು. ಕಿತ್ತಳೆ ಮುಚ್ಚಳದ ಸಿರಿಂಜ್ ಸ್ಟೋರ್‌ಗೆ ಬಂದಿತ್ತು, ವಾರ್ಡಿನಿಂದ ಇಂಡೆಂಟ್ (ಬೇಡಿಕೆ ಚೀಟಿ) ಬಂದರೆ ಕೊಡೋಣ ಅಂತ ಅಲ್ಲೇ ಇತ್ತು. ಕೇಳಬೇಕು ಅಂತಲೇ ಗೊತ್ತಿಲ್ಲದ ವಾರ್ಡ್ ಇಂಡೆಂಟ್ ಹೇಗೆ ಹಾಕುತ್ತೆ? ನಾನು ಬುಲೆಟಿನ್ ಕಳಿಸದೆ ಇದ್ದಿದ್ದರೆ ಬಹುಶಃ ಫಾರ್ಮಸಿಯವರೇ ವಾರ್ಡ್‌ಗಳಿಗೆ ಹೋಗಿ ಹೇಳುತ್ತಿದ್ದರು. ನಾನು ಕಳಿಸಿದ ಒಂದು ಸಾಲಿನಿಂದ ಎಲ್ಲರಿಗೂ ಆ ಕೆಲಸ ಮುಗಿದುಹೋದ ಹಾಗೆ ಕಾಣಿಸಿತು. ಇಷ್ಟು ವರ್ಷ ಆದರೂ ನನಗೆ ಇದೊಂದು ಮಾತು ಚುಚ್ಚುತ್ತಲೇ ಇರುತ್ತೆ.

ಬೆಳಗ್ಗೆ ಅಜ್ಜಿಯ ಮಗನನ್ನು ಕೂರಿಸಿ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಆತ ಸುಮಾರು ಹೊತ್ತು ಸುಮ್ಮನಿದ್ದು, "ಬಾಟಲಿ ಬದಲಾಗಿದೆ ಅಂತ ಯಾರಿಗೂ ಹೇಳಿರಲಿಲ್ವಾ ಮೇಡಂ?" ಅಂದರು. "ಎಲ್ಲರಿಗೂ ಮೆಸೇಜ್ ಕಳಿಸಿದ್ವಿ" ಅಂದೆ. "ನಮ್ಮಮ್ಮನಿಗೆ ಇಂಜೆಕ್ಷನ್ ಕೊಟ್ಟ ಸಿಸ್ಟರ್‌ಗೆ ಕಳಿಸಿದ್ರಾ?" ಅಂತ ಕೇಳಿದರು. ಇಲ್ಲ ಅಂದೆ. ಅಜ್ಜಿ ನಾಲ್ಕನೇ ದಿನ ಮನೆಗೆ ಹೋದರು. ಆ ಸಿಸ್ಟರ್‌ಗೆ ಮೆಮೋ ಕೊಡುವ ಮಾತು ಬಂತು, ಟೈಪ್ ಕೂಡ ಆಗಿತ್ತು. ಅದನ್ನು ಕೊಡುವುದಾದರೆ ಮೊದಲು ನನಗೆ ಕೊಡಿ ಅಂತ ಸೂಪರಿಂಟೆಂಡೆಂಟ್ ಹತ್ತಿರ ಹಟ ಹಿಡಿದೆ. ಅವರು ಹರಿದು ಹಾಕಿದರು.

ಇನ್ನು ನಿಮ್ಮ ಪ್ರಶ್ನೆ. ಇಮೇಲಾ, ವಾಟ್ಸಾಪಾ, ಆ್ಯಪಾ? ನನ್ನ ಪ್ರಕಾರ ಆ ಪ್ರಶ್ನೆಯೇ ಬೇಡ. "ಡಾಕ್ಟರ್‌ಗಳಿಗೆ ಅಪ್‌ಡೇಟ್" ಅಂತ ಒಂದೇ ಚೀಲ ಇಟ್ಟುಕೊಂಡು ಎಲ್ಲವನ್ನೂ ಅದರೊಳಗೆ ತುಂಬುವುದನ್ನು ಮೊದಲು ನಿಲ್ಲಿಸಿ. ಸಿಎಂಇ, ಹೊಸ ಡಾಕ್ಟರ್, ಪ್ರಶಸ್ತಿ, ಪಾರ್ಕಿಂಗ್ ಎಲ್ಲ ಸುದ್ದಿ. ಅದಕ್ಕೆ ಬುಲೆಟಿನ್ ಇರಲಿ, ಚೆನ್ನಾಗಿ ಮಾಡಿ, ಜನಕ್ಕೆ ಇಷ್ಟವಾಗುತ್ತೆ. ಓದದಿದ್ದರೂ ಯಾರ ಪ್ರಾಣಕ್ಕೂ ತೊಂದರೆ ಇಲ್ಲ. ಔಷಧಿ ಬದಲಾಯಿತು, ಡೋಸ್ ಬದಲಾಯಿತು, ಫಾರಂ ಬದಲಾಯಿತು ಅನ್ನುವುದು ಕೆಲಸದ ಮಾತು. ಅದು ಬುಲೆಟಿನ್‌ಗೆ ಬರಲೇಬಾರದು. ಬಂದರೂ ವಾರ್ಡಿನಲ್ಲಿ ಬದಲಾವಣೆ ಆಗಿ ಮುಗಿದ ಮೇಲೆ, "ಹೀಗೆ ಮಾಡಿದ್ದೇವೆ" ಅಂತ ಬರಬೇಕು. ಮೆಸೇಜ್ ಕಳಿಸಿಯೇ ಬದಲಾವಣೆ ಮಾಡುತ್ತೇನೆ ಅಂತ ಹೊರಡಬೇಡಿ.

ಆಮೇಲೆ ನಾವು ಏನು ಮಾಡಿದೆವು ಅಂದರೆ, ಪ್ರತಿ ಬದಲಾವಣೆಗೂ ಮೊದಲು ಒಂದೇ ಪ್ರಶ್ನೆ: ಇದನ್ನು ಯಾರ ಕೈ ಮಾಡುತ್ತೆ? ಇನ್ಸುಲಿನ್ ವಿಷಯದಲ್ಲಿ ಫಾರ್ಮಸಿಸ್ಟ್ ತಾವೇ ಒಂದೊಂದೇ ವಾರ್ಡಿಗೆ ಹೋಗಿ, ಹಳೇ ಬಾಟಲಿ, ಕೆಂಪು ಸಿರಿಂಜ್ ಎರಡನ್ನೂ ಒಟ್ಟಿಗೆ ವಾಪಸ್ ತಗೊಂಡು, ಹೊಸದೆರಡನ್ನೂ ಒಟ್ಟಿಗೆ ಇಟ್ಟು ಬಂದರು. ಸಿಸ್ಟರ್‌ಗಳು ಡ್ಯೂಟಿ ಬದಲಾಯಿಸುವ ಹೊತ್ತಿನಲ್ಲಿ, ಬೆಳಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಎಂಟು, ಮೂರು ದಿನ ಬಾಯಲ್ಲೇ ಹೇಳಿದೆವು. ಹೇಳಿದ ಮೇಲೆ ಅವರೇ ತಿರುಗಿ ಹೇಳಬೇಕು, "100ರ ಬಾಟಲಿಗೆ ಕಿತ್ತಳೆ ಮುಚ್ಚಳ" ಅಂತ. ಕೆಲವರು ಇದು ಸ್ಕೂಲ್ ಮಕ್ಕಳ ಥರ ಅಂದರು. ಅನ್ನಲಿ, ಮಾಡಿಸಿ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡುವ ನನ್ನ ಕ್ಲಾಸ್‌ಮೇಟ್ ಒಬ್ಬಳಿದ್ದಾಳೆ. ಅಲ್ಲಿ ರೋಗಿಗಳ ಸುರಕ್ಷತೆಯ ರಾಷ್ಟ್ರೀಯ ಅಲರ್ಟ್ ಬಂದರೆ, ಓದಿದೆವು ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲವಂತೆ. ಹೇಳಿದ ಕೆಲಸ ಆಗಿದೆ ಅಂತ ಆಸ್ಪತ್ರೆ ದಾಖಲಿಸಬೇಕು, ಅದಕ್ಕೆ ತಾರೀಕೂ ಇರುತ್ತೆ. ನಾವು ಆ ರೂಢಿಯನ್ನು ತಂದುಕೊಂಡೆವು. ಒಂದು ಸಾದಾ ರಿಜಿಸ್ಟರ್ ಸಾಕು, ಆ್ಯಪ್ ಏನೂ ಬೇಡ.

ಹೊರಗಿನಿಂದ ಬರುವ ಸುದ್ದಿಗೂ ಇದೇ ಪ್ರಶ್ನೆ ಕೇಳಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಮಾಡಿತು. ಅದನ್ನು ಇನ್ನೂರು ಡಾಕ್ಟರ್‌ಗಳಿಗೆ ಫಾರ್ವರ್ಡ್ ಮಾಡಿದರೆ ಏನು ಉಪಯೋಗ? ಕಣ್ಣಿನ ಡಾಕ್ಟರ್ ಏನು ಮಾಡಬೇಕು ಅದನ್ನು ಓದಿ? ಕ್ಯಾಶುವಾಲ್ಟಿ ಮೆಡಿಕಲ್ ಆಫೀಸರ್‌ಗೆ, ಮೆಡಿಕಲ್ ರೆಕಾರ್ಡ್ಸ್ ಗುಮಾಸ್ತರಿಗೆ ಮುಖಾಮುಖಿ ಹೇಳಬೇಕು, ಕ್ಯಾಶುವಾಲ್ಟಿ ಟೇಬಲ್ ಮೇಲೆ ಫಾರಂ ಇರಬೇಕು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಅಂತ ಘೋಷಿಸಿದಾಗ ನಾನು ಮೊದಲು ಹೋದದ್ದು ಲ್ಯಾಬ್‌ಗೆ. 2023ರ ನವೆಂಬರ್ ಕೊನೆಯಲ್ಲಿ ಮೆಫೆನಾಮಿಕ್ ಆಸಿಡ್ ಅನ್ನುವ ನೋವಿನ ಮಾತ್ರೆಯ ಬಗ್ಗೆ ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಕಮಿಷನ್ ಎಚ್ಚರಿಕೆ ಕೊಟ್ಟಿತ್ತಲ್ಲ, ಆಗಂತೂ ಹೆಣ್ಣುಮಕ್ಕಳು ಮುಟ್ಟಿನ ಹೊಟ್ಟೆನೋವಿನ ಮಾತ್ರೆ ಹಿಡಿದುಕೊಂಡು, ಟಿವಿಯಲ್ಲಿ ನೋಡಿದೆವು ಅಂತ ಫಾರ್ಮಸಿ ಕೌಂಟರ್‌ಗೇ ಮೊದಲು ಬಂದರು. ಮೈಮೇಲೆ ದದ್ದು, ಜ್ವರ, ಕುತ್ತಿಗೆಯಲ್ಲಿ ಗಡ್ಡೆ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ತೋರಿಸಿ ಅಂತ ಹೇಳುವುದು ಕೌಂಟರಿನ ಹುಡುಗರಿಗೆ ಗೊತ್ತಿರಬೇಕಾಗಿತ್ತು. ಹೆರಿಗೆ ವಿಭಾಗಕ್ಕೆ, ಮಕ್ಕಳ ವಿಭಾಗಕ್ಕೆ, ಆಮೇಲೆ ಕೌಂಟರ್‌ಗೆ ನಾನೇ ಹೋಗಿ ಹೇಳಿದೆ. ಬೇರೆಯವರಿಗೆ ಬುಲೆಟಿನ್‌ನಲ್ಲಿ ಎರಡು ಸಾಲು.

ಒಂದು ಮಾತು ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತೇನೆ. ಡಾಕ್ಟರ್‌ಗಳು ಓದುವುದಿಲ್ಲ ಅಂತ ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ನೈಟ್ ಡ್ಯೂಟಿ ಮುಗಿಸಿ ಮಲಗಿದ ಹುಡುಗ, ಓಟಿಯಲ್ಲಿ ಐದು ಗಂಟೆ ನಿಂತ ಸರ್ಜನ್ ನಿಮ್ಮ ಐದನೇ ಸುದ್ದಿ ಓದಲಿಲ್ಲ ಅಂದರೆ ಅದು ಅವರ ಸೋಮಾರಿತನ ಅಲ್ಲ. ಇನ್ನು "ಸಂಬಂಧಪಟ್ಟವರು ಗಮನಿಸಿ" ಅಂತ ಜನ್ಮದಲ್ಲಿ ಬರೆಯಬೇಡಿ. ಹೆಸರು ಬರೆಯಿರಿ, ಇಲ್ಲ ಹುದ್ದೆ ಬರೆಯಿರಿ. ಬರೆಯಲು ಹೆಸರು ಸಿಗಲಿಲ್ಲ ಅಂದರೆ ಕೆಲಸ ಯಾರದ್ದು ಅಂತ ನಿಮಗೇ ಗೊತ್ತಿಲ್ಲ ಅಂತ ಅರ್ಥ. ಅವತ್ತು ಕಳಿಸಬೇಡಿ.

ಈ ವಾರ ಯಾವುದಾದರೂ ಒಂದು ರಾತ್ರಿ ಹನ್ನೊಂದರ ಮೇಲೆ ವಾರ್ಡಿಗೆ ಹೋಗಿ. ಹೇಳಿ ಹೋಗಬೇಡಿ. ಸಿಸ್ಟರ್ ಜೊತೆ ಟ್ರಾಲಿಯ ಡ್ರಾಯರ್ ತೆಗೆದು, ಇಲ್ಲಿ ಹೋದ ತಿಂಗಳು ಏನೇನು ಬದಲಾಯಿತು, ನಿಮಗೆ ಯಾರು ಹೇಳಿದರು ಅಂತ ಕೇಳಿ. ಅವರು ಹೇಳಿದ್ದನ್ನು ಬರೆದುಕೊಂಡು ಬನ್ನಿ, ಆಮೇಲೆ ಬುಲೆಟಿನ್ ಬಗ್ಗೆ ಮಾತಾಡೋಣ.