ಹಳೇ ಹಾಯಿದೋಣಿ, ಸಣ್ಣ ಬಜೆಟ್: ಮೊದಲ ದುಡ್ಡು ಯಾವುದಕ್ಕೆ?

ಪ್ರಶ್ನೆ: ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. ಒಬ್ಬರ ಹಿತ್ತಲಲ್ಲಿ ವರ್ಷಗಟ್ಟಲೆ ಸುಮ್ನೆ ನಿಂತಿದ್ದ 1978ರ ಕ್ಯಾಟಲೀನಾ 22 ಹಾಯಿದೋಣಿಯನ್ನು ಟ್ರೇಲರ್ ಸಮೇತ 900 ಡಾಲರಿಗೆ ತಗೊಂಡೆ. ಸ್ವಿಂಗ್ ಕೀಲ್, ಅಂದರೆ ತಳದಲ್ಲಿ ಎತ್ತಿ ಇಳಿಸುವ ಭಾರದ ರೆಕ್ಕೆ, ಇರುವ ಮಾದರಿ. ಬಣ್ಣ ಮಾಸಿದೆ. ಡೆಕ್ ಮೇಲೆ ಒಂದು ಕಡೆ ಕಾಲಿಟ್ಟರೆ ಮೆತ್ತಗೆ ಕುಗ್ಗುತ್ತದೆ. ಕೈಯಲ್ಲಿ ಇನ್ನು 2,000 ಡಾಲರ್ ಉಳಿದಿದೆ. ಮೊದಲು ಪೇಂಟ್ ಮಾಡಿಸಿ, ಹೊಸ ಹಾಯಿ ತಗೊಳ್ಳೋಣ ಅಂತಿದ್ದೇನೆ. ಸರೀನಾ?

ಉತ್ತರ: ಸರಿಯಿಲ್ಲ. ಈ ವರ್ಷ ಪೇಂಟೂ ಬೇಡ, ಹೊಸ ಹಾಯಿಯೂ ಬೇಡ.

ದೋಣಿಯನ್ನು ಮಾತ್ರ ಚೆನ್ನಾಗಿಯೇ ಆರಿಸಿದ್ದೀರಿ. 1969ರಲ್ಲಿ ಶುರುವಾದ ಈ ಮಾದರಿಯ ದೋಣಿಗಳು 15 ಸಾವಿರಕ್ಕೂ ಜಾಸ್ತಿ ತಯಾರಾಗಿವೆ. ಹಾಗಾಗಿ ಬಿಡಿಭಾಗಗಳು ಇವತ್ತಿಗೂ ಸಲೀಸಾಗಿ ಸಿಗುತ್ತವೆ. ಯಾರೂ ಹೆಸರು ಕೇಳದ ದೋಣಿ ಪುಕ್ಕಟೆ ಸಿಕ್ಕಿದ್ದರೂ ಕೊನೆಗೆ ಮೂಗಿಗಿಂತ ಮೂಗುತಿ ಭಾರ ಆಗುತ್ತಿತ್ತು.

ಮೊದಲ ದುಡ್ಡು ಕೀಲ್‌ಗೆ. ದೋಣಿಯ ತಳದಲ್ಲಿ ಸುಮಾರು 250 ಕಿಲೋ ತೂಕದ ಎರಕದ ಕಬ್ಬಿಣ ಒಂದೇ ಒಂದು ಪಿನ್ನಿಗೆ ನೇತಾಡುತ್ತಿದೆ. ಅದನ್ನು ಎತ್ತಿ ಇಳಿಸುವುದು ಒಂದು ಕೈವಿಂಚ್ (ಕೈಯಲ್ಲಿ ತಿರುಗಿಸಿ ಕೇಬಲ್ ಸುತ್ತುವ ಉರುಳೆ), ಒಂದು ತೆಳು ಕೇಬಲ್. ಕೇಬಲ್ ಕಡಿದರೆ ಅಷ್ಟೂ ಭಾರ ಒಮ್ಮೆಲೇ ಕೆಳಕ್ಕೆ ಬೀಸಿ ತಳವನ್ನೇ ಒಡೆಯಬಹುದು. ಆದ್ದರಿಂದ ಕೇಬಲ್ ಚೆನ್ನಾಗಿರುವ ಹಾಗೆ ಕಂಡರೂ ಬದಲಿಸಿ. ಪಿನ್ ಹೊರಗೆ ತೆಗೆದು ಅದರ ಮೇಲೆ ಬೆರಳಾಡಿಸಿ ನೋಡಿ. ಸವೆದು ಹಳ್ಳ ಬಿದ್ದಿದ್ದರೆ ಕೈಗೆ ಗೊತ್ತಾಗುತ್ತದೆ. ಪಿನ್ ಸವೆದಿದ್ದರೆ ಕೀಲ್‌ನ ತೂತು ಕೂಡ ಮೊಟ್ಟೆಯಾಕಾರಕ್ಕೆ ತಿರುಗಿರುವ ಸಾಧ್ಯತೆ ಜಾಸ್ತಿ. ಆಗ ತೂತು ದೊಡ್ಡದು ಮಾಡಿ ಒಳಗೆ ಬುಶ್ (ಕೊಳವೆಯಂಥ ಬಳೆ) ಕೂರಿಸಬೇಕಾಗುತ್ತದೆ. ಪಿನ್ ಹಿಡಿದಿರುವ ಹ್ಯಾಂಗರ್‌ಗಳನ್ನೂ ಅವುಗಳ ಬೋಲ್ಟ್‌ಗಳನ್ನೂ ಅದೇ ಹೊತ್ತಿಗೆ ನೋಡಿಬಿಡಿ. ಮೇಲಿನ ತುಕ್ಕಿಗೆ ಹೆದರಬೇಡಿ. ಉಜ್ಜಿ, ಎಪಾಕ್ಸಿ ಪ್ರೈಮರ್ ಹಚ್ಚಿದರೆ ಆಯಿತು.

ಈ ಕೆಲಸವನ್ನು ಮನೆಯ ಜಾಕಿ ನಂಬಿ ಮಾಡಬೇಡಿ. ದೋಣಿ ಎತ್ತುವ ಯಾರ್ಡಿಗೆ ಬಾಡಿಗೆ ಕೊಟ್ಟು, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ ಮಾಡಿ. ಬಜೆಟ್ ಎಷ್ಟೇ ಬಿಗಿಯಾಗಿದ್ದರೂ ಇಲ್ಲಿ ಉಳಿತಾಯ ನೋಡಬಾರದು.

ಎರಡನೆಯದು ಮಾಸ್ಟ್, ಅಂದರೆ ಹಾಯಿಕಂಬ, ಹಿಡಿದಿರುವ ಸ್ಟೀಲ್ ತಂತಿಗಳು. ಹಳೇ ಬಟ್ಟೆಯೊಂದನ್ನು ತಂತಿಯುದ್ದಕ್ಕೂ ಎಳೆಯಿರಿ, ಬರಿಗೈ ಬೇಡ. ಎಲ್ಲಾದರೂ ದಾರ ಸಿಕ್ಕಿಕೊಂಡರೆ ಅಲ್ಲೊಂದು ಎಳೆ ಕಡಿದಿದೆ. ತಂತಿ ಫಿಟ್ಟಿಂಗ್ ಒಳಗೆ ಹೋಗುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಕೆಲಸಕ್ಕೆ ಬರುವುದಿಲ್ಲ. ಎಷ್ಟು ಹಳೆಯದು ಅಂತ ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಇನ್ನೊಂದು ಮಾತು: ಮಾಸ್ಟ್ ಅಲ್ಯೂಮಿನಿಯಂ. ಎತ್ತುವ ಮುಂಚೆ, ಎತ್ತಿ ದೋಣಿ ಎಳೆಯುವ ಮುಂಚೆ, ತಲೆಯೆತ್ತಿ ಕರೆಂಟ್ ತಂತಿ ಇದೆಯಾ ನೋಡಿ.

ಮೂರನೆಯದು ಟ್ರೇಲರ್. ಟೈರಿನ ಗೋಡೆಯ ಮೇಲೆ ಡಿ.ಒ.ಟಿ. (DOT) ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 3512 ಅಂತಿದ್ದರೆ 2012ರ 35ನೇ ವಾರದ ಟೈರ್. ಮೇಲಿನ ಹಲ್ಲು ಎಷ್ಟೇ ಉಳಿದಿರಲಿ, ಅಷ್ಟು ಹಳೇ ಟೈರನ್ನು ಹೈವೇಗೆ ಇಳಿಸಬೇಡಿ. ಚಕ್ರದ ಬೇರಿಂಗ್ ಬಿಚ್ಚಿ, ಹೊಸದು ಹಾಕಿ, ಗ್ರೀಸ್ ತುಂಬಿ. ಬ್ರೇಕ್, ಲೈಟ್ ಕೂಡ ನೋಡಿ.

ಇನ್ನು ಆ ಮೆತ್ತಗಿನ ಡೆಕ್. ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಯಾವುದೋ ಸ್ಕ್ರೂ ತೂತಿನಿಂದ ನೀರು ಇಳಿದು ಆ ಮರ ಲಡ್ಡಾಗಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಇಂಚಿಂಚಿಗೂ ಬಡಿಯುತ್ತಾ ಹೋಗಿ, ತೆಂಗಿನಕಾಯಿ ಬಡಿದು ನೋಡುವ ಹಾಗೆ. ಗಟ್ಟಿ ಇರುವಲ್ಲಿ ಟಕ್ ಟಕ್, ಕೊಳೆತಲ್ಲಿ ದಬ್ ದಬ್. ದಬ್ ಅಂದ ಜಾಗದ ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ. ಒಂದು ಅಂಗೈ ಅಗಲ ಇದ್ದರೆ ಮುಂದಿನ ವರ್ಷಕ್ಕೆ ಬಿಡಬಹುದು. ಆದರೆ ಗೆರೆ ಮಾಸ್ಟ್ ಬುಡಕ್ಕೋ ತಂತಿ ಕಟ್ಟುವ ಫಿಟ್ಟಿಂಗ್‌ಗೋ ಮುಟ್ಟಿದರೆ ಈಗಲೇ ಮಾಡಬೇಕು. ಮೇಲಿನ ಪದರ ಕತ್ತರಿಸಿ ತೆಗೆದು, ಕೊಳೆತ ಮರ ಕೆರೆದು, ಪೂರ್ತಿ ಒಣಗಿಸಿ, ಹೊಸ ಮರೀನ್ ಪ್ಲೈವುಡ್ಡನ್ನು ಎಪಾಕ್ಸಿಯಲ್ಲಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಅಂಟು) ಕೂರಿಸಿ. ಫೈಬರ್‌ಗ್ಲಾಸ್ ಉಜ್ಜುವಾಗ ಒಳ್ಳೇ ರೆಸ್ಪಿರೇಟರ್ ಹಾಕಿಕೊಳ್ಳಿ. ಬಟ್ಟೆ ಮಾಸ್ಕ್ ಏನಕ್ಕೂ ಸಾಲದು.

ಆಮೇಲೆ ಡೆಕ್ ಮೇಲಿನ ಫಿಟ್ಟಿಂಗ್‌ಗಳನ್ನು ಒಂದೊಂದಾಗಿ ಬಿಚ್ಚಿ, ಅಡಿಯಲ್ಲಿ ಬ್ಯುಟೈಲ್ ಟೇಪ್ (ನೀರು ತಡೆಯುವ ಮೆತ್ತನೆ ಅಂಟುಪಟ್ಟಿ) ಹಾಕಿ ಮತ್ತೆ ಬಿಗಿಯಿರಿ. ಇದು ಅಗ್ಗದ ಕೆಲಸ, ಬೇಸರದ ಕೆಲಸ, ಆದರೆ ನೀರು ನಿಲ್ಲಿಸುವುದು ಇದೇ. ಅಂಗಡಿಯವರು 3ಎಂ 5200 ಅನ್ನುವ ಗಟ್ಟಿ ಅಂಟು ಕೊಟ್ಟರೆ ವಾಪಸ್ ಕೊಡಿ. ಅದರಿಂದ ಅಂಟಿಸಿದ್ದನ್ನು ಮುಂದೆ ಬಿಚ್ಚುವ ಹೊತ್ತಿಗೆ ಡೆಕ್ಕೇ ಕಿತ್ತು ಬರುತ್ತದೆ.

ಹಾಯಿ ಹಳೆಯದೇ ಇರಲಿ. ಹೊಲಿಗೆಯ ಮೇಲೆ ಉಗುರಿನಿಂದ ಗೀರಿ. ದಾರ ಪುಡಿಪುಡಿಯಾಗಿ ಬಂದರೆ ಬಿಸಿಲು ತಿಂದಿದೆ ಅಂತ ಅರ್ಥ. ಬಟ್ಟೆ ಗಟ್ಟಿ ಇದ್ದರೆ ಮರುಹೊಲಿಗೆ ಸಾಕು. ಬಣ್ಣ ಮಾಸಿದ ಮೈಗೆ ಪಾಲಿಶ್, ಮೇಣ, ನಿಮ್ಮ ತೋಳಿನ ಶಕ್ತಿ ಸಾಕು. ಪ್ರತಿ ಸಲ ಟ್ರೇಲರ್ ಮೇಲೆ ಮನೆಗೆ ತರುವ ದೋಣಿಗೆ ಪಾಚಿ ತಡೆಯುವ ತಳದ ಪೇಂಟೂ ಬೇಕಿಲ್ಲ. ಹಳೇ ತಳದ ಪೇಂಟನ್ನು ಮಾತ್ರ ಒಣಗಿದ್ದಾಗ ಉಜ್ಜಬೇಡಿ. 1988ರಲ್ಲಿ ಸಣ್ಣ ದೋಣಿಗಳಿಗೆ ನಿಷೇಧವಾದ ತವರದ ವಿಷ ಅದರಲ್ಲಿರಬಹುದು. ಒದ್ದೆ ಮಾಡಿಯೇ ಉಜ್ಜಿ, ಆ ರಾಡಿಯನ್ನು ಚರಂಡಿಗೆ ಬಿಡಬೇಡಿ.

ಕಾಗದಪತ್ರ ಮರೆತಿಲ್ಲ ತಾನೆ? ಮಿಷಿಗನ್‌ನಲ್ಲಿ 20 ಅಡಿ ಮತ್ತು ಅದಕ್ಕಿಂತ ಉದ್ದದ ದೋಣಿಗೆ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಬೇಕು. ಮಾರಿದವರ ಸಹಿ ಇರುವ ಟೈಟಲ್ ಕೈಗೆ ಬರುವ ತನಕ ಒಂದು ಡಾಲರೂ ಖರ್ಚು ಮಾಡಬೇಡಿ.

ಪ್ರಶ್ನೆ: ಎಪಾಕ್ಸಿ ದುಬಾರಿ. ಡೆಕ್ ರಿಪೇರಿಗೆ ಪಾಲಿಯೆಸ್ಟರ್ ರೆಸಿನ್ ಸಾಕಲ್ವಾ? (ಅದೇ ಓದುಗರಿಂದ)

ಉತ್ತರ: ಹೊಸ ದೋಣಿ ಕಟ್ಟುವಾಗ ಸಾಕು. ಹಳೇ ಫೈಬರ್‌ಗ್ಲಾಸ್‌ಗೂ ಮರಕ್ಕೂ ಎಪಾಕ್ಸಿಯಷ್ಟು ಗಟ್ಟಿಯಾಗಿ ಅದು ಅಂಟುವುದಿಲ್ಲ. ನಿಮಗೆ ಬೇಕಾಗುವುದೂ ಸ್ವಲ್ಪವೇ, ಎಪಾಕ್ಸಿಯೇ ತಗೊಳ್ಳಿ. ಡಬ್ಬಿಯ ಮೇಲೆ ಹೇಳಿದ ಅಳತೆಗೆ ಸರಿಯಾಗಿ ಬೆರೆಸಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಅದು ಯಾವತ್ತೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಎಪಾಕ್ಸಿ ಬಿಸಿಲು ತಡೆಯದು, ರಿಪೇರಿಯಾದ ಆ ಜಾಗಕ್ಕೆ ಮಾತ್ರ ಮೇಲೆ ಪೇಂಟ್ ಹಚ್ಚಲೇಬೇಕು. ಮಿಷಿಗನ್ ಏಪ್ರಿಲ್‌ನ ಚಳಿಗೆ ಅದು ಸರಿಯಾಗಿ ಒಣಗುವುದೂ ಇಲ್ಲ. ಡೆಕ್ ಕೆಲಸವನ್ನು ಮೇ ಕೊನೆಗೆ ಇಟ್ಟುಕೊಳ್ಳಿ, ಅಲ್ಲಿಯ ತನಕ ಬೇರಿಂಗ್ ಮುಗಿಸಿ.