ದೆವ್ವ ಯಾಕೆ ಯಾವಾಗಲೂ ಹೆಂಗಸು?

ಪ್ರಶ್ನೆ: ನಮ್ಮ ಹಾರರ್ ಸಿನಿಮಾಗಳಲ್ಲಿ ದೆವ್ವ ಅಂದ್ರೆ ಬಿಳಿ ಸೀರೆ ಹೆಂಗಸೇ ಯಾಕೆ ಸಾರ್? ಗಂಡಸರು ಸತ್ತರೆ ದೆವ್ವ ಆಗಲ್ವಾ?
– ಓದುಗರೊಬ್ಬರು, ಶಿರಾ, ತುಮಕೂರು ಜಿಲ್ಲೆ

ಉತ್ತರ: ಆಗುತ್ತಾರೆ, ಆದರೆ ಟಿಕೆಟ್ ಖರ್ಚಾಗಲ್ಲ! ಬದುಕಿದ್ದಾಗ ಬಾಯಿ ಬಿಡಲಾಗದವಳು, ಯಾರೋ ಮೋಸ ಮಾಡಿದವಳು, ಬಾವಿಗೆ ಬಿದ್ದವಳು ಸತ್ತ ಮೇಲಾದರೂ ಬಂದು ನ್ಯಾಯ ಕೇಳುತ್ತಾಳೆ, ನೋಡುವವರಿಗೆ ಹೆದರಿಕೆಯ ಜೊತೆಗೇ ಅಯ್ಯೋ ಪಾಪ ಅನ್ನಿಸುತ್ತದೆ. ಈ ಕಥೆಗಳು ಓಡುವುದೇ ಇದರಿಂದ. 2004ರ ‘ಆಪ್ತಮಿತ್ರ’ದ ನಾಗವಲ್ಲಿಯದೂ ಇದೇ ಸಂಕಟ. ಅಲ್ಲಿ ಕಾರಣ ಮಾತ್ರ ಮನಸ್ಸಿನ ಕಾಯಿಲೆ.

ಸಿನಿಮಾದವರನ್ನಷ್ಟೇ ಬೈಯಬೇಡಿ. 90ರ ದಶಕದಲ್ಲಿ ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರಲ್ಲ, ಆಗ ಬಾಗಿಲು ತಟ್ಟುತ್ತಾಳೆ ಅಂದುಕೊಂಡದ್ದೂ ಹೆಣ್ಣು ದೆವ್ವವನ್ನೇ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. 2018ರ ಹಿಂದಿ ‘ಸ್ತ್ರೀ’ಗೂ ಇಂಥದ್ದೇ ಕಥೆ ಬುಡ.

ಸೀರೆ ದೆವ್ವ ಸಾಕಾಗಿದ್ದರೆ 2013ರ ‘6-5=2’ ನೋಡಿ. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲೇ ಸಿಕ್ಕ ದೃಶ್ಯಗಳು ಅನ್ನುವ ಹಾಗೆ ತೆಗೆದಿದ್ದಾರೆ, 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ದಾರಿ ಅದು. ದೇವರಾಯನದುರ್ಗದ ಕಡೆ ಟ್ರೆಕ್ಕಿಂಗ್ ಹೋಗುವ ಹಿಂದಿನ ರಾತ್ರಿ ಮಾತ್ರ ಬೇಡ!