ಶಾಲೆಯ ಫಲಿತಾಂಶ: ಯಾರನ್ನು, ಏನೆಂದು ಕೇಳಬೇಕು?

ಪ್ರಶ್ನೆ: ನಮ್ಮೂರ ಹೈಸ್ಕೂಲಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಶೇ 100 ಫಲಿತಾಂಶ ಬಂದಿದೆ ಎಂದು ಫ್ಲೆಕ್ಸ್ ಕಟ್ಟಿದ್ದಾರೆ. ಆದರೆ 8ನೇ ತರಗತಿಯಲ್ಲಿದ್ದ ಕೆಲವು ಮಕ್ಕಳು 10ನೇ ತರಗತಿಯಲ್ಲಿ ಕಾಣಲೇ ಇಲ್ಲ. ಈ ಫಲಿತಾಂಶವನ್ನು ಹೇಗೆ ನೋಡಬೇಕು?
– ಶಾಲಾ ಸಮಿತಿ ಸದಸ್ಯರು, ಅರಸೀಕೆರೆ ತಾಲ್ಲೂಕು

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಶೇ 100 ಎಂಬುದು ಪರೀಕ್ಷೆ ಬರೆದವರಲ್ಲಿ ಪಾಸಾದವರ ಲೆಕ್ಕ. ಬರೆಯದೇ ಉಳಿದವರು ಅದರೊಳಗೆ ಬರುವುದಿಲ್ಲ. ಸಮಿತಿ ಸಭೆಯಲ್ಲಿ ಎರಡು ವರ್ಷ ಹಿಂದಿನ 8ನೇ ತರಗತಿಯ ಹಾಜರಿ ಪುಸ್ತಕ ತರಿಸಿ. ಅದರಲ್ಲಿರುವ ಒಂದೊಂದು ಹೆಸರಿನ ಮುಂದೆಯೂ ಆ ಮಗು ಈಗ ಎಲ್ಲಿದೆ ಎಂದು ಬರೆಸಿ.

ಒಂದು ಲೆಕ್ಕ ನೋಡಿ. 8ನೇ ತರಗತಿಯಲ್ಲಿ 40 ಮಕ್ಕಳಿದ್ದರು ಎನ್ನಿ. ಮೂವರು ಟಿಸಿ ಪಡೆದು ಹೋದರು, ಒಬ್ಬಳು ಶಾಲೆ ಬಿಟ್ಟಳು, ನಾಲ್ವರಿಗೆ ಶೇ 75 ಹಾಜರಿ ಇಲ್ಲದೆ ಪರೀಕ್ಷೆಗೆ ಅವಕಾಶ ಸಿಗಲಿಲ್ಲ. ಉಳಿದ 32 ಮಂದಿಯೂ ಪಾಸು. ಫ್ಲೆಕ್ಸ್ ಮೇಲೆ ಶೇ 100. ಟಿಸಿ ಪಡೆದ ಮೂವರು ಬೇರೆ ಶಾಲೆಗೆ ಸೇರಿದ್ದು ಖಚಿತವಾದರೆ ಅವರನ್ನು ಬಿಡಿ. ಆಗಲೂ 37ಕ್ಕೆ 32, ಅಂದರೆ ಶೇ 86.5. ಸೇರಿದ್ದಾರೋ ಇಲ್ಲವೋ ಎಂಬುದು ಬಾಯಿಮಾತಿನ ವಿಷಯವಲ್ಲ. ಪ್ರತಿ ಮಗುವಿಗೂ ಎಸ್‌ಎಟಿಎಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಸಂಖ್ಯೆ ಇದೆ, ಮುಖ್ಯ ಶಿಕ್ಷಕರ ಲಾಗಿನ್‌ನಲ್ಲಿ ನೋಡಬಹುದು. ಕೈಗೆ ಟಿಸಿ ಕೊಟ್ಟು ಕಳಿಸಿದ ಮಗು ಯಾವ ಶಾಲೆಯಲ್ಲೂ ದಾಖಲಾಗಿಲ್ಲ ಎಂದರೆ, ಅದು ಶಾಲೆ ಬಿಟ್ಟ ಮಗು. ಹಾಜರಿ ಕೊರತೆಯ ನಾಲ್ವರ ವಿಷಯದಲ್ಲಿ ಕೇಳಬೇಕಾದ್ದು ಬೇರೆ: ಗೈರುಹಾಜರಿ ಶುರುವಾದಾಗ ಮನೆಗೆ ಯಾರು ಹೋದರು, ಯಾವ ತಿಂಗಳಲ್ಲಿ?

ಆಮೇಲೆ ಅಂಕಗಳತ್ತ ಬನ್ನಿ. ಭಾಷೆಯಲ್ಲದ ವಿಷಯಗಳಲ್ಲಿ ಬರವಣಿಗೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಎರಡನ್ನೂ ಅಕ್ಕಪಕ್ಕ ಬರೆಸಿ. ಎಲ್ಲ ಮಕ್ಕಳಿಗೂ 19–20 ಆಂತರಿಕ ಅಂಕ ಬಿದ್ದು, ಬರವಣಿಗೆಯಲ್ಲಿ ಮೂವತ್ತರ ಆಸುಪಾಸಿನಲ್ಲೇ ನಿಂತಿದ್ದರೆ, ಆ 20 ಅಂಕ ಮಗುವಿನ ಕಲಿಕೆಯ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ಜಿಲ್ಲಾವಾರು ರ‍್ಯಾಂಕಿಗೂ ಇದೇ ಎಚ್ಚರ ಬೇಕು. 2019ರಲ್ಲಿ ಹಾಸನ ಜಿಲ್ಲೆ ಶೇ 89.33 ಪಡೆದು ರಾಜ್ಯಕ್ಕೆ ಮೊದಲು ಬಂತು; ಸಂತೋಷದ ಸಂಗತಿಯೇ. ಆದರೆ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ನಕಲು ತಡೆಯಲು ವೆಬ್‌ಕಾಸ್ಟಿಂಗ್ (ಕ್ಯಾಮೆರಾ ದೃಶ್ಯವನ್ನು ದೂರದಿಂದಲೇ ನೇರವಾಗಿ ನೋಡುವ ವ್ಯವಸ್ಥೆ) ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳ ಕಲಿಕೆ ಅಷ್ಟು ಕುಸಿಯುವುದಿಲ್ಲ.

ಪ್ರಶ್ನೆ: ನಾವು ತೋಟದ ಕೆಲಸದವರು. ಮಗ ಸರ್ಕಾರಿ ಶಾಲೆಯಲ್ಲಿ 5ನೇ ತರಗತಿ. ಕನ್ನಡವನ್ನೇ ತಡವರಿಸಿ ಓದುತ್ತಾನೆ. ಮಳೆಗಾಲದಲ್ಲಿ ರಜೆಯೋ ರಜೆ. ಯಾರನ್ನು ಕೇಳಲಿ?
– ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು

ಉತ್ತರ: ಅಮ್ಮ, ಕೇಳುವುದಕ್ಕೆ ಮುಂಚೆ ಮಗ ಎಲ್ಲಿ ನಿಂತಿದ್ದಾನೆ ಎಂದು ನೀವೇ ನೋಡಿಕೊಳ್ಳಿ. 2ನೇ ತರಗತಿಯ ಕನ್ನಡ ಪುಸ್ತಕದಲ್ಲಿ ಎಂಟು-ಹತ್ತು ಸಾಲಿನ ಒಂದು ಪಾಠ ಓದಿಸಿ. ಆಗದಿದ್ದರೆ ನಾಲ್ಕು ಸಣ್ಣ ವಾಕ್ಯ, ಅದೂ ಆಗದಿದ್ದರೆ ಬಿಡಿ ಪದ, ಕೊನೆಗೆ ಅಕ್ಷರ. ಲೆಕ್ಕಕ್ಕೆ 52ರಲ್ಲಿ 27 ಕಳೆಯಲು ಹೇಳಿ. ಉತ್ತರ 35 ಎಂದು ಬರೆದರೆ ಅವನಿಗೆ ದಶಕ ತೆಗೆದುಕೊಳ್ಳುವುದು ಗೊತ್ತಿಲ್ಲ, ಪ್ರತಿ ಸಾಲಿನಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದ್ದಾನೆ. ನಿಮಗೆ ಓದಲು ಕಷ್ಟವಾದರೆ ಪಕ್ಕದ ಮನೆಯ ಹೈಸ್ಕೂಲು ಹುಡುಗಿ ಇದನ್ನು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾಳೆ. ಕಂಡದ್ದನ್ನು ತಾರೀಖಿನೊಂದಿಗೆ ಬರೆಸಿಡಿ.

ಆ ಚೀಟಿ ಹಿಡಿದು ಕ್ಲಾಸ್ ಟೀಚರ್ ಬಳಿ ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಪ್ರತಿ ಮಗುವಿನ ಕಲಿಕೆಯ ಮಟ್ಟ ಅಳೆದು ಬೇಕಾದ ಹೆಚ್ಚುವರಿ ಪಾಠ ಮಾಡುವುದು, ಅದನ್ನು ಪೋಷಕರಿಗೆ ತಿಳಿಸುವುದು ಶಿಕ್ಷಕರ ಕರ್ತವ್ಯ. ಮುಂದಿನ ಎರಡು ತಿಂಗಳಲ್ಲಿ ಏನು ಕಲಿಸುತ್ತೀರಿ ಎಂದು ಕೇಳಿ, ಅಷ್ಟಾದ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿ. ಏನೂ ಬದಲಾಗಿಲ್ಲ ಎಂದರೆ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಸಮಿತಿ), ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ), ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ದೂರನ್ನು ಬರೆದೇ ಕೊಡಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು; ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.

ಒಂದು ಮಾತು ಮಾತ್ರ ಮನಸ್ಸಿನಲ್ಲಿರಲಿ. ಶಾಲೆಯಲ್ಲಿ ಎಷ್ಟು ಮಂದಿ ಶಿಕ್ಷಕರಿದ್ದಾರೆ ಎಂದು ಮೊದಲು ಎಣಿಸಿ. 1ರಿಂದ 5ರವರೆಗೆ 60 ಮಕ್ಕಳ ತನಕ ಇಬ್ಬರು ಇರಲೇಬೇಕು. ಒಬ್ಬರೇ ಇದ್ದು, ಐದು ತರಗತಿಯನ್ನೂ ಅವರೇ ನೋಡಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುತ್ತಿದ್ದರೆ ನಿಮ್ಮ ದೂರು ಆ ಶಿಕ್ಷಕರ ಮೇಲೆ ಆಗಬಾರದು. ಖಾಲಿ ಹುದ್ದೆ ತುಂಬದ ಇಲಾಖೆಯ ಮೇಲೆ ಆಗಬೇಕು.

ಮಳೆ ರಜೆ ಕೊಡದೆ ವಿಧಿಯಿಲ್ಲ, ಹಳ್ಳ ದಾಟಿ ಮಕ್ಕಳು ಬರುವುದು ಅಪಾಯ. ಆದರೆ 1ರಿಂದ 5ಕ್ಕೆ ವರ್ಷಕ್ಕೆ 200 ದಿನ ಮತ್ತು 800 ಗಂಟೆ ಪಾಠ ನಡೆಯಬೇಕು. ಹೋದ ದಿನಗಳನ್ನು ಯಾವ ಶನಿವಾರಗಳಲ್ಲಿ ಸರಿದೂಗಿಸುತ್ತಾರೆ ಎಂಬ ಪಟ್ಟಿಯನ್ನು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ.

ಪ್ರಶ್ನೆ: ನಮ್ಮದು ಸಣ್ಣ ಶಾಲೆ, 10ನೇ ತರಗತಿಯಲ್ಲಿ ಎಂಟೇ ಮಕ್ಕಳು. ಇಬ್ಬರು ಫೇಲಾದರು, ನೋಟಿಸ್ ಬಂತು. ಇದು ನ್ಯಾಯವೇ?
– ಶಿಕ್ಷಕರು, ಕೊಪ್ಪ

ಉತ್ತರ: ಅಲ್ಲ. ಎಂಟರಲ್ಲಿ ಒಂದು ಮಗು ಎಂದರೆ ಶೇ 12.5. ಇಬ್ಬರು ಫೇಲಾದ ಕೂಡಲೇ ಶೇ 75. ಅದೇ 120 ಮಕ್ಕಳ ಶಾಲೆಯಲ್ಲಿ ಇಬ್ಬರು ಫೇಲಾದರೆ ಶೇ 98ರ ಮೇಲೆ. ಇಂಥ ಶಾಲೆಯನ್ನು ಒಂದು ವರ್ಷದ ಶೇಕಡಾವಾರಿನಿಂದ ಅಳೆಯಲೇಬಾರದು. ಮೂರು ವರ್ಷದ ಮಕ್ಕಳನ್ನು ಒಟ್ಟು ಸೇರಿಸಿ ನೋಡಬೇಕು. ನೋಟಿಸಿಗೆ ಉತ್ತರ ಬರೆಯುವಾಗ ಹಾಗೇ ಬರೆಯಿರಿ. ಜೊತೆಗೆ ಜೂನ್‌ನಲ್ಲಿ ಪ್ರತಿ ಮಗು ಯಾವ ಮಟ್ಟದಲ್ಲಿತ್ತು, ಮಾರ್ಚ್‌ನಲ್ಲಿ ಎಲ್ಲಿಗೆ ಬಂತು ಎಂಬ ಹಾಳೆ ಲಗತ್ತಿಸಿ. ಕಾಫಿ ಕೊಯ್ಲಿಗೆ ಬಂದ ಕುಟುಂಬದ ಮಗು ಡಿಸೆಂಬರ್‌ನಲ್ಲಿ ಸೇರಿದ್ದರೆ ಆ ತಾರೀಖನ್ನೂ ಕಾಣಿಸಿ. ಅಂಥ ಮಗುವನ್ನು ಸೇರಿಸಿಕೊಂಡ ಶಾಲೆಗೆ ಶಿಕ್ಷೆಯಾದರೆ ಮುಂದಿನ ವರ್ಷ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ.

ಅಂಕಿಗೆ ಶಿಕ್ಷೆ ಗಂಟುಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಸಾಕ್ಷಿ. 2002ರಲ್ಲಿ ಬಂದ ಅಲ್ಲಿನ ಕಾನೂನು 2014ರೊಳಗೆ ಎಲ್ಲ ಮಕ್ಕಳೂ ಓದು, ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಬೇಕೆಂದು ಗುರಿ ಇಟ್ಟಿತು. ಮುಟ್ಟದ ಶಾಲೆಗಳ ಮೇಲೆ ಕ್ರಮವೂ ಇತ್ತು. ಅಟ್ಲಾಂಟಾ ನಗರದಲ್ಲಿ ಶಿಕ್ಷಕರೇ ಮಕ್ಕಳ ತಪ್ಪು ಉತ್ತರ ಅಳಿಸಿ ತಿದ್ದಿದ್ದು 2011ರ ತನಿಖೆಯಲ್ಲಿ ಬಯಲಾಯಿತು. 2015ರಲ್ಲಿ ಆ ಕಾನೂನೇ ಬದಲಾಯಿತು.

ಪ್ರಶ್ನೆ: ಖಾಸಗಿ ಶಾಲೆಗೂ ಇದೆಲ್ಲ ಅನ್ವಯಿಸುತ್ತದೆಯೇ?
– ಪೋಷಕರು, ಹಾಸನ

ಉತ್ತರ: ಅನುದಾನರಹಿತ ಶಾಲೆಗೆ ಪೋಷಕರ ಸಮಿತಿ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಕಡ್ಡಾಯವಲ್ಲ. ಆದರೆ 24ನೇ ಸೆಕ್ಷನ್ನಿನ ಕರ್ತವ್ಯಗಳಿಂದ ಅಲ್ಲಿನ ಶಿಕ್ಷಕರಿಗೂ ವಿನಾಯಿತಿ ಇಲ್ಲ. ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ ಎಂಬ 28ನೇ ಸೆಕ್ಷನ್ ಕೂಡ ಅನ್ವಯ. ಮಗುವಿನ ಉತ್ತರ ಪತ್ರಿಕೆ ತೋರಿಸಿ ಎಂದು ಪ್ರತಿ ಪರೀಕ್ಷೆಯ ನಂತರ ಕೇಳಿ. ಬರೀ ಗ್ರೇಡ್ ಕಾರ್ಡ್ ನೋಡಿ ಸಹಿ ಹಾಕಬೇಡಿ.